ಕಂಪ್ಯೂಟರ್ ಕೊಡಿಸದ ಮೂವತ್ತು ಗುಂಟೆ

ಗಾವಡಗೆರೆ ಕಡೆಯ ನಮ್ಮ ಊರಿನಲ್ಲಿ ಅವ್ವನ ಪಾಲಿನ ಜಮೀನಿಗೆ ಈಗಲೂ ‘ಕಂಪ್ಯೂಟರ್ ಹೊಲ’ ಎನ್ನುತ್ತಾರೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಗಂಡ ಸತ್ತ ತಾಯಿಗೆ ಸರಿಪಾಲು ಕೊಡಿಸಿದಳು ಎಂಬುದು ಕಥೆ. ಕಳೆದ ತಿಂಗಳು ಹುಣಸೂರಿನ ಮದುವೆಯೊಂದರಲ್ಲಿ ದೊಡ್ಡಪ್ಪನ ಮಗನೇ ಅದನ್ನು ತನ್ನ ಮೊಮ್ಮಗಳಿಗೆ ಹೇಳುತ್ತಿದ್ದ.

“ನೋಡವ್ವ, ಇವ್ರೇ ಕಣ ಆ ಹುಡ್ಗಿ.”

ಮಗು ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿತು. ನಾನು “ಸುಳ್ಳು” ಎಂದೆ. ಅವನು ನಕ್ಕ. ವಿನಯ ಅಂದುಕೊಂಡಿರಬೇಕು. ವಿನಯ ನನ್ನ ಜಾಯಮಾನದಲ್ಲಿಲ್ಲ. ಆ ಹುಡುಗಿಯ ಲೆಕ್ಕದಲ್ಲಿ ಅವಳ ತಾಯಿಗೆ ಬಂದದ್ದು ಮೂವತ್ತು ಗುಂಟೆ ಕಡಿಮೆ.

ಬೇರೆ ದೇಶಗಳಲ್ಲಿ ಜನ ಮನೆಯ ಟೀವಿಗೆ ಸಿಕ್ಕಿಸಿಕೊಂಡು ಬಳಸುತ್ತಿದ್ದಂಥ ಪುಟ್ಟ ಯಂತ್ರ ಆ ಕಂಪ್ಯೂಟರ್. ನಮಗೆ ಮನೆಯಲ್ಲಿ ಟೀವಿಯೇ ಇರಲಿಲ್ಲ, ಯಂತ್ರ ಹೈಸ್ಕೂಲಿನ ಒಂದು ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಗಣಿತದ ಮೇಷ್ಟ್ರು ವಾರಕ್ಕೆರಡು ದಿನ ಬೀಗ ತೆಗೆದು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಕರೆಂಟು ಹೋದರೆ ಬರೆದದ್ದೆಲ್ಲ ಹೋಗುತ್ತಿತ್ತು. ಈ ಕಥೆಯನ್ನು ಹಿಂದೆ ಬರೆದಾಗ ಪರದೆಯ ಅಕ್ಷರ ಹಸಿರು ಎಂದು ಎರಡು ಕಡೆ ಹೇಳಿದ್ದೇನೆ. ಅದು ಬೇರೆ ಯಾವುದೋ ಕಂಪ್ಯೂಟರಿನಿಂದ ಇಲ್ಲಿಗೆ ಬಂದ ಬಣ್ಣವಿರಬೇಕು.

ಬೇಸಿಕ್‌ನಲ್ಲಿ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಡುತ್ತಿದ್ದೆವು. ಬಿಟ್ಟದ್ದೇನಾದರೂ ನೆನಪಾದರೆ ನಡುವೆ ಹದಿನೈದನೆಯದು ತೂರಿಸಬಹುದು, ಪ್ರೋಗ್ರಾಂ ಓಡುವಾಗ ಅದು ಮೊದಲಿನಿಂದಲೂ ಅಲ್ಲೇ ಇದ್ದಂತೆ ಓಡುತ್ತದೆ. ಈ ಕಥೆಯಲ್ಲೂ ಊರಿನವರು ತೂರಿಸಿದ, ನಾನು ತೂರಿಸಿದ ಸಾಲುಗಳಿವೆ. ಗೊತ್ತಾದವನ್ನು ಕಿತ್ತು ಹಾಕಿದ್ದೇನೆ.

ಅಪ್ಪ ಸತ್ತ ಮುಂದಿನ ವರ್ಷ, ಮಳೆಗಾಲ ಶುರುವಾಗುವ ಹೊತ್ತಿಗೆ, ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಜಮೀನು ಪಾಲು ಮಾಡಿಬಿಡೋಣ ಎಂದ. ಪಾಲು ಎರಡೇ, ಅವನದು ಮತ್ತು ಅವ್ವನದು. ಹೊಲ ನಾಲ್ಕು. ಒಂದು ಚೀಟಿಯಲ್ಲಿ ನಾಲ್ಕರ ಅಳತೆಯನ್ನೂ ಬರೆದು ನನ್ನ ಕೈಗಿಟ್ಟ. ಮೂಡಲ ಹೊಲ 2.30, ಕಟ್ಟೆ ಹೊಲ 1.35, ದಿಣ್ಣೆ ಹೊಲ 3.25, ಹುಣಸೆಮರದ ಹೊಲ 1.30. ಚುಕ್ಕಿಯ ಹಿಂದಿನದು ಎಕರೆ, ಮುಂದಿನದು ಗುಂಟೆ. ನಮ್ಮ ಕಡೆ ಎಲ್ಲರೂ ಹಾಗೇ ಬರೆಯುವುದು.

“ನಿನ್ ಕಂಪ್ಯೂಟ್ರಲ್ಲಿ ಆಕಿ, ಅರ್ಧ ಎಷ್ಟಾಯ್ತದೆ ನೋಡ್ಕೊಂಡ್ ಬಾ ಮಗ. ನಾಳೆ ಯಾರೂ ಒಂದ್ ಮಾತಾಡಂಗಿರಬಾರ್ದು.”

ಶನಿವಾರ ಬೆಳಿಗ್ಗೆ ಎರಡು ಸಾಲು ಬರೆದೆ.

10 INPUT A, B, C, D
20 PRINT (A+B+C+D)/2

ಚೀಟಿಯಲ್ಲಿದ್ದ ನಾಲ್ಕು ಸಂಖ್ಯೆ ಕೊಟ್ಟೆ. ಪರದೆಯ ಮೇಲೆ 4.1 ಬಂತು. ಒಂದು ಗುಂಟೆಯೋ ಹತ್ತು ಗುಂಟೆಯೋ? ಬರೀ ಕೂಡಿಸಿ ನೋಡಿದೆ, 8.2. ಯಂತ್ರ ಕೊನೆಯ ಸೊನ್ನೆ ಬರೆಯುವುದಿಲ್ಲ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಒಟ್ಟು ಎಂಟು ಎಕರೆ ಇಪ್ಪತ್ತು ಗುಂಟೆ, ಅರ್ಧ ನಾಲ್ಕು ಎಕರೆ ಹತ್ತು ಗುಂಟೆ ಎಂದು ನೀಟಾಗಿ ಬರೆದು, ಕೆಳಗೆ ಗೆರೆ ಎಳೆದು ದೊಡ್ಡಪ್ಪನಿಗೆ ಕೊಟ್ಟೆ. ಆ ಸೊನ್ನೆಗಳನ್ನು ಇಟ್ಟದ್ದು ನನ್ನ ಕೈ. ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವಂತಿಲ್ಲ.

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಮನೆ ಜಗಲಿಯಲ್ಲಿ ಊರಿನ ನಾಲ್ವರು ಹಿರಿಯರು, ಪತ್ರ ಬರೆಯುವವರು ಒಬ್ಬರು. ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು, ಅವಳ ಹಿಂದೆ ನಾನು. ಅವ್ವನಿಗೆ ಮೂಡಲ ಹೊಲ ಪೂರ್ತಿ, ಕಟ್ಟೆ ಹೊಲದಲ್ಲಿ ಒಂದೂವರೆ ಎಕರೆ ಎಂದು ಓದಿದರು.

“ಉಳಿದದ್ದು ನಂಗೆ,” ಎಂದ ದೊಡ್ಡಪ್ಪ. “ಮೋಸ ಅನ್ನಂಗಿಲ್ಲ ಕಣ್ರಪ್ಪ. ಅವಳ ಮಗಳೇ ಕಂಪ್ಯೂಟ್ರಲ್ಲಿ ಆಕಿ ತಂದವ್ಳೆ.”

“ಅದ್ರ ಮುಂದೆ ನಮ್ ಲೆಕ್ಕ ಯಾವ್ ಮೂಲೆಗೆ, ಬುಡಿ,” ಎಂದರು ಹಿರಿಯರೊಬ್ಬರು.

ಅವ್ವನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. “ಬಾವ, ಒಸಿ ತಡೀರಿ. ಒಟ್ಟು ಎಷ್ಟು ಅಂದ್ರಿ?”

“ಎಂಟೆಕರೆ ಇಪ್ಪತ್ತು.”

“ಆಗಾಕಿಲ್ಲ.”

“ಕಂಪ್ಯೂಟ್ರೇ ಅಂಗಂದ ಮ್ಯಾಲೆ ಆಗಾಕಿಲ್ಲ ಅಂದ್ರೆ?”

ಅವ್ವ ನನ್ನ ಕಡೆ ತಿರುಗಿದಳು. “ಏನವ್ವ, ನಲವತ್ತು ಗುಂಟೆ ತುಂಬುದ್ರೆ ಒಂದೆಕರೆ ಅಂತ ಆ ಮಿಸಿನ್‌ಗೆ ಯಾರಾರ ಹೇಳಿದ್ರಾ?”

ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ನಾಲ್ಕು ಹೊಲಗಳ ಗುಂಟೆ ಮಾತ್ರ ಕೂಡಿದರೆ ನೂರ ಇಪ್ಪತ್ತು. ನೂರು ತುಂಬಿದ ಕೂಡಲೇ ಯಂತ್ರ ಒಂದೆಕರೆ ಏರಿಸಿ ಇಪ್ಪತ್ತು ಉಳಿಸಿತ್ತು. ನಲವತ್ತರ ಲೆಕ್ಕದಲ್ಲಿ ಅದು ಮೂರು ಎಕರೆ. ಸುಮ್ಮನಿದ್ದಿದ್ದರೆ ಹಿರಿಯರ ಕಣ್ಣಿನಲ್ಲಿ ನಾನು ಜಾಣೆಯಾಗಿಯೇ ಉಳಿಯುತ್ತಿದ್ದೆ.

“ತಪ್ಪು,” ಎಂದೆ. “ನನ್ ಲೆಕ್ಕ ತಪ್ಪು.”

“ನೆನ್ನೆ ಸರಿ, ಇವತ್ತು ತಪ್ಪಾ?” ದೊಡ್ಡಪ್ಪ ಚೀಟಿ ಎತ್ತಿ ಹಿಡಿದ. “ಅವ್ವ ಕಣ್ ಬುಟ್ಲು ಅಂತ ಮಾತು ತಿರುಗುಸ್ತೀಯಾ? ಇದ ಬರ್ದೋಳು ನೀನೇ ಅಲ್ವಾ?”

“ನಾನೇ. ತಪ್ಪು ಬರ್ದೋಳೂ ನಾನೇ. ಅದ್ಕೇ ನಾನೇ ಹೇಳ್ತಿವ್ನಿ.”

ಹೋಗಿ ಚೀಟಿ ಕಿತ್ತುಕೊಂಡು, ಪತ್ರ ಬರೆಯುವವರ ಪೆನ್ನಿನಿಂದ ಅಡ್ಡಗೀಟು ಹಾಕಿದೆ. ಯಾರೋ “ಎಲಾ ಇವಳ!” ಎಂದರು.

ಹಿರಿಯರು ದಾರಿ ಹುಡುಕಿದರು. “ಸೋಮವಾರ ಇನ್ನೊಂದ್ ಸಲ ಆಕ್ಕೊಂಡ್ ಬರ್ಲಿ. ಅದೇನ್ ಬತ್ತದೋ ಅದ್ಕೆ ಇಬ್ರೂ ಒಪ್ಕೊಳಿ.”

ನನಗೆ ಜೀವ ಬಂತು. ತಿದ್ದುವುದು ಹೇಗೆಂದು ಆಗಲೇ ಹೊಳೆದಿತ್ತು. ಆದರೆ ಅವ್ವ ಹೊಸ್ತಿಲು ದಾಟಿ ಜಗಲಿಗೇ ಬಂದಳು.

“ಬ್ಯಾಡ. ಸೋಮವಾರ ಅದು ಐದೆಕರೆ ಅಂದ್ರೂ ನಾನು ಅದ್ರ ಕೈಯಿಂದ ಈಸ್ಕೊಳಾಕಿಲ್ಲ. ಬಾವ, ನೀವೇ ಕೂಡಿ. ಬಾಯಲ್ಲೇ. ಎಲ್ರಿಗೂ ಕೇಳಂಗೆ.”

ದೊಡ್ಡಪ್ಪ ಅವಳನ್ನು ನೋಡಿದ. ಆಮೇಲೆ ಶುರು ಮಾಡಿದ. “ಮೂವತ್ತು, ಮೂವತ್ತೈದು. ಒಂದೆಕರೆ ಇಪ್ಪತ್ತೈದು. ಅದ್ಕೆ ಇಪ್ಪತ್ತೈದು, ಎರಡೆಕರೆ ಹತ್ತು. ಮ್ಯಾಲೆ ಮೂವತ್ತು...”

ಅವ್ವ ಬಿಡಲಿಲ್ಲ.

“ಹೇಳಿ ಬಾವ.”

“ಮೂರೆಕರೆ.”

“ಮೊದ್ಲಿದ್ದ ಎಕರೆ ಎಷ್ಟು?”

“ಏಳು.”

“ಎಲ್ಲಾ ಸೇರಿ?”

“ಹತ್ತು.”

ಅಲ್ಲಿ ಅವನು ಅತ್ತ ಎಂದು ಅವನ ಮಗ ಹೇಳುತ್ತಾನೆ. ಕೈ ನಡುಗುತ್ತಿತ್ತು ಎಂದು ನಾನೇ ಒಮ್ಮೆ ಬರೆದಿದ್ದೆ. ಎರಡೂ ಆಮೇಲಿನ ಸೇರ್ಪಡೆ. ನನಗೆ ಕೇಳಿಸಿದ್ದು ‘ಹತ್ತು’ ಎಂಬ ಮಾತು, ಅಷ್ಟೇ. ಚೀಟಿ ಕೊಡುವಾಗಲೇ ಅವನಿಗೆ ಹತ್ತೆಕರೆ ಎಂದು ಗೊತ್ತಿತ್ತೇ? ಹುಟ್ಟಿದಾಗಿನಿಂದ ಆ ಹೊಲಗಳಲ್ಲಿ ನಡೆದಾಡಿದವನು. ಗೊತ್ತಿತ್ತು ಎಂದು ಬರೆದರೆ ಅವನು ಖಳ, ಗೊತ್ತಿರಲಿಲ್ಲ ಎಂದರೆ ಮುಗ್ಧ. ಎರಡರಲ್ಲಿ ಯಾವುದನ್ನು ಬರೆದರೂ ಕಥೆಗೆ ಒಳ್ಳೆಯದು. ನಾನು ಬರೆಯುವುದಿಲ್ಲ.

“ಇಬ್ರಿಗೂ ಐದೈದು ಅಂತ ಬರೀರಿ,” ಎಂದಳು ಅವ್ವ, ಪತ್ರ ಬರೆಯುವವರಿಗೆ. ಕಟ್ಟೆ ಹೊಲ ಪೂರ್ತಿ ಅವಳಿಗೆ ಬಂತು, ಪಕ್ಕದ ಹುಣಸೆಮರದ ಹೊಲದಲ್ಲಿ ಹದಿನೈದು ಗುಂಟೆಯೂ ಬಂತು. ಪತ್ರವನ್ನು ಎರಡು ಸಲ ಓದಿಸಿ ಸಹಿ ಹಾಕಿದಳು.

ಸೋಮವಾರ ನಾನು ಪ್ರೋಗ್ರಾಂ ಹೊಸದಾಗಿ ಬರೆದೆ. ಎಕರೆ ಬೇರೆ, ಗುಂಟೆ ಬೇರೆ ಕೇಳಿ, ಎಲ್ಲವನ್ನೂ ಗುಂಟೆ ಮಾಡಿ ಕೂಡಿ, ಅರ್ಧ ಮಾಡಿ, ಕೊನೆಗೆ ನಲವತ್ತರಿಂದ ಭಾಗಿಸುವುದು. ಪರದೆಯ ಮೇಲೆ ಒಂದು 5, ಪಕ್ಕದಲ್ಲಿ ಒಂದು 0. ಮೇಷ್ಟ್ರು ಖುಷಿಯಿಂದ ತರಗತಿಯನ್ನೆಲ್ಲ ಕರೆದು ತೋರಿಸಿದರು. “ನೋಡ್ರೋ, ಕಂಪ್ಯೂಟರ್ ಇವರ ಜಮೀನಿನ ಲೆಕ್ಕ ಬಗೆಹರಿಸಿತು!” ಊರಿನ ಕಥೆ ಹುಟ್ಟಿದ್ದು ಆ ಕೋಣೆಯಲ್ಲೇ ಇರಬೇಕು.

“ಬಗೆಹರಿಸಿಲ್ಲ ಸಾರ್,” ಎಂದೆ. “ನೆನ್ನೇನೇ ನಮ್ಮವ್ವ ಬಗೆಹರಿಸಿದ್ರು. ಇದು ಇವತ್ತು ಒಪ್ಕೊಂಡಿದೆ.”

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ, ಒಂದು ವಾರ ನನ್ನನ್ನು ಕೀಲಿಮಣೆಯ ಹತ್ತಿರ ಬಿಡಲೂ ಇಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಬಿತ್ತನೆ ರಾಗಿ ಅಳೆಯುತ್ತಿದ್ದಳು. ಕಂಪ್ಯೂಟರ್ ಏನು ಹೇಳಿತೆಂದು ಅವಳು ಕೇಳಲಿಲ್ಲ. ಐದು ಎಕರೆಗಾಗುವಷ್ಟು ಅಳೆದು ಮೂಟೆಯ ಬಾಯಿ ಕಟ್ಟಿ, ಇನ್ನೊಂದು ತುದಿ ಹಿಡಿ ಎಂದು ನನ್ನನ್ನು ಕರೆದಳು.