ಎದುರಾಳಿಯ ಕತ್ತು ಕಾಯ್ದ ಪೈಲ್ವಾನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭದ್ರಾವತಿ ಹಳೇನಗರದ ಗರಡಿಮನೆಯಲ್ಲಿ ಒಂಟಿ ಬಲ್ಬಿನ ಕೆಳಗೆ ಜಟ್ಟಪ್ಪ ಗುದ್ದಲಿ ಹಿಡಿದು ಕೆಮ್ಮಣ್ಣು ಅಗೆಯುತ್ತಿದ್ದಾರೆ. ಅಗೆದಷ್ಟನ್ನು ಬರಿಗಾಲಲ್ಲಿ ತುಳಿದು ನೋಡುತ್ತಾರೆ, ಹೆಂಟೆ ಸಿಕ್ಕಿದರೆ ಬಗ್ಗಿ ಅಂಗೈಯಲ್ಲಿ ಪುಡಿ ಮಾಡುತ್ತಾರೆ. ಮಣ್ಣಿಗೆ ಬೆರೆಸಿದ ಎಣ್ಣೆ, ಮಜ್ಜಿಗೆಯ ಹುಳಿ ವಾಸನೆ ಮೂಗಿಗೆ ಅಡರುತ್ತದೆ. ಭಾನುವಾರ ಶಿವಮೊಗ್ಗದಲ್ಲಿ ಕುಸ್ತಿ ಇದೆ. ಜಟ್ಟಪ್ಪನವರಿಗೆ ಈಗ ನಲವತ್ತೊಂದು. ಎದುರಾಳಿ ದಾವಣಗೆರೆಯ ಸುದೀಪ್, ಇಪ್ಪತ್ತೈದರ ಹುರಿಯಾಳು. ಎರಡು ವರ್ಷದಿಂದ ಜಟ್ಟಪ್ಪ ಒಂದು ಕುಸ್ತಿಯನ್ನೂ ಗೆದ್ದಿಲ್ಲ.

"ಸೋಲೋದಕ್ಕೆ ಹೆದರಿಕೆ ಇಲ್ಲ ಸಾರ್. ಆಟ ಅಂದ್ಮೇಲೆ ಸೋಲು ಇದ್ದಿದ್ದೇ. ಎದುರಿನವನನ್ನ ಎತ್ತೋ ಹೊತ್ತಿಗೆ ಕೈ ನಿಂತೋಗುತ್ತೆ ನೋಡಿ, ಅದಕ್ಕೆ ಹೆದರಿಕೆ," ಎನ್ನುತ್ತಾರೆ ಗುದ್ದಲಿ ಕೆಳಗಿಟ್ಟು. ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ, ಅವು ಬೇರೆ ಯಾರದೋ ಎಂಬಂತೆ.

ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದವರು. ಕ್ವಾರ್ಟರ್ಸಿನ ಒಂದು ಪಕ್ಕ ತಮಿಳರ ಮನೆ, ಇನ್ನೊಂದು ಪಕ್ಕ ತೆಲುಗರ ಮನೆ. ಮೂರೂ ಭಾಷೆಯಲ್ಲಿ ಬೈಸಿಕೊಂಡು ಬೆಳೆದ ಹುಡುಗನನ್ನು ಅಪ್ಪನೇ ಒಂದು ದಿನ ಕೈಹಿಡಿದು ಗರಡಿಗೆ ತಂದು ಬಿಟ್ಟರು. ಅಲ್ಲಿ ಮಲ್ಲಿಕ್ ಉಸ್ತಾದರಿದ್ದರು. ಹಗಲು ಹಾಸಿಗೆ ಹೊಲಿಯುವ ಅಂಗಡಿ, ಬೆಳಿಗ್ಗೆ ಸಂಜೆ ಗರಡಿ. "ಬೀಳಕ್ಕೆ ಬರುತ್ತೇನೋ?" ಎಂದು ಅವರು ಕೇಳಿದ ಮೊದಲ ಮಾತು ಜಟ್ಟಪ್ಪನವರಿಗೆ ಇನ್ನೂ ನೆನಪಿದೆ. ಎತ್ತುವುದನ್ನು ಕಲಿಸುವ ಮೊದಲು ಉಸ್ತಾದರು ತಿಂಗಳುಗಟ್ಟಲೆ ಬೀಳುವುದನ್ನೇ ಕಲಿಸಿದರು.

ಮೀಸೆ ಚಿಗುರುವ ಹೊತ್ತಿಗೆ ಜಟ್ಟಪ್ಪ ಕುಸ್ತಿಯನ್ನೇ ಕಸುಬು ಮಾಡಿಕೊಂಡರು. ದಾವಣಗೆರೆ, ಬೆಳಗಾವಿ, ಕೊಲ್ಹಾಪುರ, ಎಲ್ಲಿ ಜೋಡಿ ಕಟ್ಟಿದರೆ ಅಲ್ಲಿಗೆ ಬಸ್ಸು. ಮಳೆಗಾಲದಲ್ಲಿ ಕುಸ್ತಿ ಇರುವುದಿಲ್ಲ, ಆಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಕ್ಕಿ ಮೂಟೆ ಹೊರುವ ಕೆಲಸ. ಅವರ ಹೆಸರು ಹೊರಗೆ ಕೇಳಿಬಂದದ್ದು ದೋಬಿ ಪಟ್ಟಿನಿಂದ. ಅಗಸ ಬಟ್ಟೆಯನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಒಗೆಯುತ್ತಾನಲ್ಲ, ಹಾಗೆ ಎದುರಾಳಿಯನ್ನು ಹೆಗಲ ಮೇಲಿಂದ ಬೀಸಿ ಬೆನ್ನು ಅಡಿಯಾಗುವಂತೆ ಕೆಡಹುವ ಪಟ್ಟು ಅದು. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು.

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಸಂಜೆ, ಅದೇ ಪಟ್ಟಿನಲ್ಲಿ ನಿರಂಜನ ಬಿದ್ದ.

ಸೋಗಾನೆಯ ಹುಡುಗ, ಒಳ್ಳೆಯ ಕುಸ್ತಿಪಟು. ಶಿವಮೊಗ್ಗದ ಹೊರವಲಯದ ಬಯಲಿನಲ್ಲಿ ಹಾಕಿದ್ದ ಕಣ. ಬೆಳ್ಳಿ ಗದೆಯ ಕುಸ್ತಿಯಾದ್ದರಿಂದ ಜನ ಮರ, ಲಾರಿಗಳ ಮೇಲೆಲ್ಲ ಹತ್ತಿ ಕುಳಿತಿದ್ದರು. ಜಟ್ಟಪ್ಪ ಎತ್ತಿ ಬೀಸಿದರು. ನಿರಂಜನ ಗಾಳಿಯಲ್ಲೇ ತಪ್ಪಿಸಿಕೊಳ್ಳಲು ಮೈ ತಿರುಚಿದ. ಬೆನ್ನಿನ ಬದಲು ಮೊದಲು ತಲೆ ನೆಲಕ್ಕೆ ತಾಗಿತು. ಮೇಲೆ ಜಟ್ಟಪ್ಪನವರ ಭಾರ. ಒಂದು ಕಡೆ ವಾಲಿಕೊಂಡು ಬಿದ್ದಿದ್ದ ಹುಡುಗನನ್ನು ಸ್ವಲ್ಪ ಹೊರಳಿಸಿದ್ದರೆ ಚಿತ್ ಆಗುತ್ತಿತ್ತು, ಗದೆ ಸಿಗುತ್ತಿತ್ತು. ಆಗ ಕಿವಿಯ ಹತ್ತಿರ ಸಣ್ಣ ದನಿ ಕೇಳಿಸಿತು: "ಅಣ್ಣ, ಕೈಕಾಲು ಎಲ್ಲಿದೆ ಗೊತ್ತಾಗ್ತಿಲ್ಲ."

"ನನ್ನ ಮೈಯೆಲ್ಲ ತಣ್ಣಗಾಯ್ತು ಸಾರ್," ಎನ್ನುತ್ತಾರೆ ಜಟ್ಟಪ್ಪ. "ಚಿಕ್ಕೋನಿದ್ದಾಗ ಹೊರಗಡೆ ಒಂದೂರಲ್ಲಿ ಹಿಂಗೇ ಒಬ್ರು ಬಿದ್ದಿದ್ರು. ನಾಕು ಜನ ಕೈಕಾಲು ಹಿಡ್ದು ಎತ್ತಿಕೊಂಡು ಓಡಿದ್ರು. ಕತ್ತು ಜೋತಾಡ್ತಿತ್ತು. ಅವ್ರು ಉಳೀಲಿಲ್ಲ. ನಾನು ಎದ್ರೆ ಇವನನ್ನೂ ಹಂಗೇ ಎತ್ಕೊಂಡು ಓಡ್ತಾರೆ ಅನ್ನಿಸ್ತು."

ಅವರು ಏಳಲಿಲ್ಲ. ಮೈಭಾರವನ್ನು ಮೊಣಕೈಗಳ ಮೇಲೆ ತೆಗೆದುಕೊಂಡು, ಹುಡುಗನ ತಲೆಯನ್ನು ಎರಡು ಮುಂಗೈಗಳ ನಡುವೆ ಅಲುಗದಂತೆ ಇರಿಸಿಕೊಂಡು, ಅವನ ಮೇಲೆ ಕವುಚಿಕೊಂಡೇ ಉಳಿದರು. ಹೊರಗಿನವರಿಗೆ ಕಂಡದ್ದು ಬೇರೆ. ಸೋತು ಬಿದ್ದವನ ಕತ್ತನ್ನು ಪೈಲ್ವಾನ್ ಅಮುಕುತ್ತಿದ್ದಾನೆ ಎಂದುಕೊಂಡರು. ಶಿಳ್ಳೆ, ಹಲಗೆ ಬಡಿತದ ಸದ್ದಿನ ನಡುವೆ ಜಟ್ಟಪ್ಪ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಮೊದಲು ಚಪ್ಪಲಿ ಬಂದವು, ಆಮೇಲೆ ಕಲ್ಲು. ಕಣದೊಳಕ್ಕೆ ನುಗ್ಗಿದವರು ಬೆನ್ನಿಗೆ ಒದ್ದರು, ಕಿವಿ ಹಿಡಿದು ಜಗ್ಗಿದರು. "ಬಿಡೋ, ಸಾಯ್ತಾನೆ ಬಿಡೋ!" ಎಂದು ಒಬ್ಬ ಅವರ ಪಕ್ಕೆಗೆ ದೊಣ್ಣೆಯಿಂದ ಹೊಡೆದ. ಜಟ್ಟಪ್ಪ ಮುಂಗೈ ಅಲುಗಿಸಲಿಲ್ಲ.

ಅಂದು ತೀರ್ಪುಗಾರರಾಗಿದ್ದವರು ನಿವೃತ್ತ ದೈಹಿಕ ಶಿಕ್ಷಕ ಶಿವರಾಮ. "ನಾನೂ ಬೈದೆ, ಬೆನ್ನಿಗೆ ಗುದ್ದಿದೆ. ಕಡೆಗೆ ಮಣ್ಣಲ್ಲಿ ಮಲಗಿ ಕಿವಿಗೊಟ್ಟೆ. 'ಬಿಡ್ಬೇಡಿ ಅಣ್ಣ, ಬಿಡ್ಬೇಡಿ' ಅಂತಿದ್ದ ಹುಡುಗ," ಎಂದು ಅವರು ನೆನೆಯುತ್ತಾರೆ. ಮೈಕು ಕಿತ್ತುಕೊಂಡು ಜನರನ್ನು ಹಿಂದೆ ಸರಿಸಿದ್ದು ಅವರೇ. ಆಂಬುಲೆನ್ಸ್ ಬರುವವರೆಗೂ ಜಟ್ಟಪ್ಪ ಅಲ್ಲಾಡಲಿಲ್ಲ. ಕತ್ತಿಗೆ ಪಟ್ಟಿ ಹಾಕಿ, ನಿರಂಜನನನ್ನು ಸ್ಟ್ರೆಚರಿಗೆ ಜರುಗಿಸಿದ ಮೇಲೆ ಏಳಲು ಹೋದವರು ಅಲ್ಲೇ ಕುಸಿದರು. ಎರಡು ಪಕ್ಕೆಲುಬು ಮುರಿದಿದ್ದವು.

ಆಮೇಲಿನ ದಿನಗಳು ಅದಕ್ಕಿಂತ ಕಷ್ಟದವು. ಯಾರೋ ಫೋನಿನಲ್ಲಿ ಹಿಡಿದ ತುಣುಕು ಊರೆಲ್ಲ ಹರಿದಾಡಿತು. ಅದರಲ್ಲಿದ್ದದ್ದು ಕೆಳಗೆ ಬಿದ್ದ ಹುಡುಗ, ಮೇಲೆ ಕವುಚಿದ ಜಟ್ಟಪ್ಪ, ಸುತ್ತ ಹೊಡೆಯುತ್ತಿದ್ದ ಜನ, ಅಷ್ಟೇ. ಗಾಂಧಿ ಬಜಾರಿನಲ್ಲಿ ಜೊತೆಗೆ ಮೂಟೆ ಹೊರುತ್ತಿದ್ದವರೇ ಮಾತು ಬಿಟ್ಟರು. ಪೊಲೀಸರು ಕರೆಸಿ ವಿಚಾರಿಸಿದರು. ಶಿವರಾಮ ಠಾಣೆಗೆ ಹೋಗಿ ಕಂಡದ್ದನ್ನು ಹೇಳಿ ಬಂದರು. ನಿರಂಜನನಿಗೆ ಆಪರೇಷನ್ ಆಯಿತು. ಕೈಕಾಲು ಬರುತ್ತದೋ ಇಲ್ಲವೋ, ಈಗಲೇ ಏನೂ ಹೇಳಲಾಗದು ಎಂದರು ವೈದ್ಯರು.

ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡ ಜಟ್ಟಪ್ಪ ದಿನವೂ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗದ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ ನಿರಂಜನನ ತಾಯಿ ವಿಮಲಮ್ಮ. ಶಾಲೆಯಲ್ಲಿ ಬಿಸಿಯೂಟ ಮಾಡುವ ಆ ಹೆಂಗಸು ಒಂದು ದಿನ ಗೇಟಿಗೇ ಬಂದು ಕೇಳಿದರು: "ಅವರಿವರ ಮಾತು ಬೇಡ ನಂಗೆ. ನೀನೇ ಅಲ್ವಾ ನನ್ನ ಮಗನ್ನ ಎತ್ತಿ ಹಾಕಿದ್ದು?"

"ಹೌದು ಕಣಮ್ಮ, ನಾನೇ ಹಾಕಿದ್ದು," ಎಂದರು ಜಟ್ಟಪ್ಪ. ಹುಡುಗ ಗಾಳಿಯಲ್ಲಿ ಮೈ ತಿರುಚಿದ ಮಾತನ್ನು ಅವರು ಎತ್ತಲೇ ಇಲ್ಲ. ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಮರುದಿನವೂ ಜಟ್ಟಪ್ಪ ಗೇಟಿನಲ್ಲಿದ್ದರು.

ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ವಿಮಲಮ್ಮನವರೇ ಹೊರಗೆ ಬಂದು, "ಬಾ. ಕರೀತಿದಾನೆ," ಎಂದರು. ಮಂಚದ ಮೇಲೆ ಅಂಗಾತ ಮಲಗಿದ್ದ ನಿರಂಜನ, "ಅಣ್ಣ, ಕೈ ಕೊಡಿ" ಎಂದ. ಜಟ್ಟಪ್ಪ ತೋರುಬೆರಳನ್ನು ಅವನ ಅಂಗೈಯಲ್ಲಿಟ್ಟರು. ಹುಡುಗನ ಮುಖದಲ್ಲಿ ಬೆವರೊಡೆಯಿತು. ಬಹಳ ಹೊತ್ತಾದ ಮೇಲೆ, ಬೆರಳನ್ನು ಯಾರೋ ಮೆಲ್ಲಗೆ ಅದುಮಿದಂತಾಯಿತು. "ಅಷ್ಟೊಂದು ಜನ ಹೊಡೆದಾಗ ಅಳ್ಲಿಲ್ಲ ಸಾರ್. ಅವತ್ತು ಆ ವಾರ್ಡಲ್ಲಿ ಎಲ್ರ ಮುಂದೆ ಅತ್ತುಬಿಟ್ಟೆ."

ನಿರಂಜನ ಈಗ ಊರುಗೋಲು ಹಿಡಿದು ನಡೆಯುತ್ತಾನೆ. ಎಡಗೈ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕುಸ್ತಿ ಮುಗಿದ ಮಾತು. ಜಟ್ಟಪ್ಪ ಮತ್ತೆ ಕಣಕ್ಕಿಳಿದರು, ಆದರೆ ಎದುರಾಳಿ ಹೆಗಲ ಮೇಲೆ ಬರುತ್ತಿದ್ದಂತೆ ಕೈ ಕಲ್ಲಾಗುತ್ತಿತ್ತು. ಪ್ರತಿಸಲವೂ ಇಳಿಸಿಬಿಡುತ್ತಿದ್ದರು, ಪ್ರತಿಸಲವೂ ಸೋಲುತ್ತಿದ್ದರು. ಕಳೆದ ತಿಂಗಳು ನಿರಂಜನ ಗರಡಿಗೇ ಬಂದು ಬೈದ: "ಏನ್ ಮಾರಾಯ್ರೆ ನೀವು! ನನ್ನ ಆಟ ಅಂತೂ ಹೋಯ್ತು. ನಿಮ್ಮದೂ ನನ್ನಿಂದ ಹೋಯ್ತು ಅಂತ ಅನ್ನಿಸ್ಕೋಬೇಕಾ ನಾನು?"

ಭಾನುವಾರ ಸಂಜೆ. ಕಣದ ಅಂಚಿನ ಹಗ್ಗ ಹಿಡಿದು ನಿರಂಜನ ನಿಂತಿದ್ದಾನೆ. ಸುದೀಪ್ ವೇಗದ ಆಟಗಾರ. ಎರಡು ಬಾರಿ ಜಟ್ಟಪ್ಪನವರ ಕಾಲಿಗೆ ಕೈ ಹಾಕಿ ಕೆಡಹುತ್ತಾನೆ. ಎರಡು ಬಾರಿಯೂ ಅವರು ಬೋರಲಾಗಿ ಬಿದ್ದು ಚಿತ್ ಆಗದೆ ಉಳಿಯುತ್ತಾರೆ. ಉಸಿರು ಏರಿದೆ, ಹುಬ್ಬಿನಿಂದ ರಕ್ತ ಇಳಿಯುತ್ತಿದೆ. ಮೂರನೇ ಬಾರಿ ನುಗ್ಗಿದ ಸುದೀಪನ ತೋಳು ಅವರ ಹಿಡಿತಕ್ಕೆ ಸಿಗುತ್ತದೆ. ಸೊಂಟ ತಗ್ಗಿಸಿ ತಿರುಗುತ್ತಾರೆ. ಸುದೀಪನ ಕಾಲು ನೆಲ ಬಿಡುತ್ತದೆ.

ಹಾಗೇ ನಿಲ್ಲುತ್ತಾರೆ ಜಟ್ಟಪ್ಪ. ಹೆಗಲ ಮೇಲೆ ಎದುರಾಳಿ. ಹಲಗೆಯವರೂ ಬಡಿಯುವುದನ್ನು ಮರೆತಿದ್ದಾರೆ. ಸುದೀಪ್ ಒದ್ದಾಡತೊಡಗುತ್ತಾನೆ.

"ಹಾಕಿ ಅಣ್ಣ!" ನಿರಂಜನನ ದನಿ ಸೀಳಿಕೊಂಡು ಬರುತ್ತದೆ. "ಹಾಕಿ!"

ಜಟ್ಟಪ್ಪ ಬೀಸುತ್ತಾರೆ. ಬೀಸುತ್ತಲೇ ತಾವೂ ಮಂಡಿಯೂರಿ, ಸುದೀಪನ ತೋಳನ್ನು ಬಿಡದೆ ಕೊನೆಯವರೆಗೂ ಎಳೆದುಕೊಂಡು ಇಳಿಸುತ್ತಾರೆ. ಬೆನ್ನು ಪೂರ್ತಿಯಾಗಿ ಮಣ್ಣಿಗೆ ತಾಗುತ್ತದೆ. ಚಿತ್. ಬಯಲೆಲ್ಲ ಎದ್ದು ಕೂಗುತ್ತಿರುವಾಗ ಅವರು ತೀರ್ಪುಗಾರರ ಕಡೆ ನೋಡುವುದಿಲ್ಲ. ಸುದೀಪನ ಮುಖದ ಮೇಲೆ ಬಗ್ಗಿ, "ಕೈ ಆಡ್ಸು, ಕಾಲು ಆಡ್ಸು" ಎನ್ನುತ್ತಾರೆ. "ಎಲ್ಲಾ ಆಡ್ತಾ ಐತಣ್ಣ, ನೀ ಮೊದ್ಲು ಮೇಲಿಂದ ಏಳು," ಎಂದು ಅವನು ಕೆಮ್ಮುತ್ತಾ ನಗುತ್ತಾನೆ.

ಮರುದಿನ ಭದ್ರಾವತಿಯ ಮನೆಗೆ ಹೋದರೆ ಜಟ್ಟಪ್ಪನವರ ಹುಬ್ಬಿಗೆ ಹೊಲಿಗೆ ಬಿದ್ದಿದೆ. ಹೆಂಡತಿ ಸಣ್ಣಮ್ಮ ಅವರ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಇನ್ನೆಷ್ಟು ದಿನ ಆಡುತ್ತೀರಿ ಎಂದು ಕೇಳುತ್ತೇನೆ.

"ಇನ್ನೊಂದು ವರ್ಷ ಅಷ್ಟೇ ಸಾರ್. ಆಸೆ ಅಂದ್ರೆ ಒಂದೇ. ಕೊನೇ ಕುಸ್ತಿ ನೋಡಕ್ಕೆ ಇವಳು ಬರ್ಬೇಕು. ಮದುವೆ ಆದಾಗಿಂದ ಒಂದ್ಸಲಾನೂ ಬಂದಿಲ್ಲ."

ಸಣ್ಣಮ್ಮನ ಕೈ ನಿಲ್ಲುತ್ತದೆ. "ಇವರು ಬೀಳೋದನ್ನೂ ನೋಡಕ್ಕಾಗಲ್ಲ ನಂಗೆ, ಇನ್ನೊಬ್ರ ಮಗನ್ನ ಬೀಳ್ಸೋದನ್ನೂ ನೋಡಕ್ಕಾಗಲ್ಲ," ಎನ್ನುತ್ತಾರೆ ನನ್ನ ಕಡೆ ತಿರುಗಿ. ಮತ್ತೆ ಎಣ್ಣೆ ತಿಕ್ಕತೊಡಗುತ್ತಾರೆ.

"ವಿಮಲಮ್ಮ ಜೊತೆಗೆ ಬರ್ತಾರೆ ಅಂದ್ರೆ ಬರ್ತೀನಿ," ಎನ್ನುತ್ತಾರೆ ಕೊನೆಗೆ. "ಇಬ್ರೂ ಕಣ್ಣು ಮುಚ್ಕೊಂಡು ಕೂತಿರ್ತೀವಿ."