ಎರಡು ನಾವುಗಳ ನಡುವೆ ಒಂದು ಇಸ್ತ್ರಿ ಗಾಡಿ

ಇಸ್ತ್ರಿಗೆ ಹೋದ ಬಟ್ಟೆಯ ಗಂಟು ಮನೆಗೆ ಮರಳಿದಾಗ, ಬಿಚ್ಚುವ ಮೊದಲು ಅದನ್ನೊಮ್ಮೆ ಕೆನ್ನೆಗೆ ಒತ್ತಿಕೊಳ್ಳುವುದು ನನ್ನ ಹಳೆಯ ಚಾಳಿ. ಇದ್ದಿಲ ಬಿಸಿ ಇನ್ನೂ ಆರದ ಹತ್ತಿ ಸೀರೆಗೆ ಹುರಿದ ರವೆಯಂಥ ಒಂದು ವಾಸನೆ ಇರುತ್ತದೆ. ಅದು ನನಗೆ ಯಾವ ಅತ್ತರಿಗಿಂತ ಕಡಿಮೆಯಲ್ಲ. ಕಳೆದ ಮಂಗಳವಾರ ಹಾಗೆ ಒತ್ತಿಕೊಂಡಾಗ ಕೆನ್ನೆಗೆ ಚುರುಕ್ಕೆಂದು ಏನೋ ಚುಚ್ಚಿತು. ಒಂದು ಗುಂಡುಸೂಜಿ. ಅದಕ್ಕೆ ಸಿಕ್ಕಿಸಿದ್ದು ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಯ ಒಂದು ತುಂಡು. ಅದರ ಬೆನ್ನಿನ ಮೇಲೆ ಪೆನ್ಸಿಲಿನಿಂದ, ತಮಿಳು ಅಕ್ಷರಗಳಲ್ಲಿ, ಎರಡು ಪದ: ‘ಕನ್ನಡ ಅಮ್ಮಾ’.

ಯಾರ ಗಂಟು ಯಾರದೆಂದು ತಿಳಿಯಲು ಹೀಗೆ ಚೀಟಿ ಚುಚ್ಚುವುದು ವಾಡಿಕೆ, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷವಿಷ್ಟೇ, ಇಪ್ಪತ್ತೆರಡು ವರ್ಷಗಳಲ್ಲಿ ಧನಂ ನನ್ನ ಗಂಟಿಗೆ ಚೀಟಿ ಚುಚ್ಚಿದ್ದು ಇದೇ ಮೊದಲು.

ಧನಂ ಪೆರಂಬೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ಹೊಂಗೆ ಮರದ ನೆರಳಿನಲ್ಲಿ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದವಳು. ನನ್ನ ಯಜಮಾನರು ರೈಲ್ವೆಯಿಂದ ನಿವೃತ್ತರಾಗುವ ಮೊದಲೇ ನಾವು ಈ ಮನೆ ಕೊಂಡೆವು; ಆಗಲೂ ಆ ಗಾಡಿ ಅಲ್ಲೇ ಇತ್ತು. ನನಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೂ ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತೇನೆ, ಅವಳು ನನ್ನನ್ನು ಬಹುವಚನದಲ್ಲಿ. ಇದು ಹೀಗೇಕೆ ಎಂದು, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ವರ್ಗಭೇದದ ಮೇಲೆ ಪುಟಗಟ್ಟಲೆ ಉತ್ತರ ಬರೆದು ಪಾಸಾದ ನಾನು ಇಷ್ಟು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಮ್ಮ ಭಾಷೆಯಲ್ಲಿ ‘ಮಡಿ’ ಎಂಬ ಒಂದೇ ಮಾತು ಮಡಿಸುವುದಕ್ಕೂ ಆಗುತ್ತದೆ, ಮುಟ್ಟದೆ ದೂರ ನಿಲ್ಲುವುದಕ್ಕೂ ಆಗುತ್ತದೆ. ಅವಳು ಮಡಿಸಿ ಕೊಟ್ಟಳು, ನಾವು ಮಡಿಯಾಗಿ ಉಟ್ಟೆವು. ಎರಡರ ನಡುವಿನ ಗೆರೆಯನ್ನು ಇಸ್ತ್ರಿ ಪೆಟ್ಟಿಗೆ ಇನ್ನಷ್ಟು ಚೂಪು ಮಾಡಿತೇ ಹೊರತು ಅಳಿಸಲಿಲ್ಲ.

ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ಕೆಲವು ವರ್ಷಗಳ ಹಿಂದಿನವರೆಗೆ ಇಲ್ಲಿ ಜಗಳವೆಂದರೆ ನೀರಿನ ಮೋಟಾರಿನದು, ಇಲ್ಲವೇ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟದ್ದು. ಆಮೇಲೆ ಎಲ್ಲರ ಕೈಯಲ್ಲೂ ಒಂದು ವಾಟ್ಸಪ್ ಗುಂಪು ಬಂತು. ‘ನಾಳೆ ಲಾರಿ ನೀರು ಬರುತ್ತದೆ’ ಎಂದು ತಿಳಿಸಲು ಹುಟ್ಟಿದ ಗುಂಪಿನಲ್ಲಿ, ಯಾರು ಯಾವ ಭಾಷೆ ಕಲಿಯಬೇಕು, ಯಾರು ಏನು ತಿನ್ನಬಾರದು, ಯಾವ ದೇವರು ಮೊದಲಿನಿಂದ ಇಲ್ಲಿಯವನು, ಯಾವುದು ಆಮೇಲೆ ಬಂದದ್ದು ಎಂಬ ಚರ್ಚೆ ಬೆಳಗಿನ ಕಾಫಿಗೆ ಮೊದಲೇ ಶುರುವಾಗತೊಡಗಿತು. ಎರಡನೇ ಮಹಡಿಯವರು ಒಂದು ಕಡೆ, ನಾಲ್ಕನೇ ಮಹಡಿಯವರು ಇನ್ನೊಂದು ಕಡೆ. ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಮೂರನೆಯ ಮಹಡಿಯ ನಾನು, ಅಂಕಿಗೆ ತಕ್ಕಂತೆ, ನಡುವೆ. ನಡುವೆ ಇರುವುದೇ ಒಂದು ಗುಣವೆಂದು ಆಗ ನಂಬಿದ್ದೆ.

ಎರಡೂ ಕಡೆಯವರ ಬಟ್ಟೆ ಮಾತ್ರ ಒಂದೇ ಗಾಡಿಗೆ ಹೋಗುತ್ತಿತ್ತು. ಒಬ್ಬರ ಕಪ್ಪು ಅಂಗಿಯ ಮೇಲೆ ಓಡಿದ ಪೆಟ್ಟಿಗೆಯೇ ಇನ್ನೊಬ್ಬರ ಕಾವಿ ಪಂಚೆಯ ಮೇಲೂ ಓಡುತ್ತಿತ್ತು. ಈ ಸಲದ ಚುನಾವಣೆಗೆ ಮೊದಲು ಧನಂ ತನಗೆ ಬೇಕಾದ ನಾಯಕರ ಒಂದು ಚಿತ್ರವನ್ನು ಗಾಡಿಯ ಹಲಗೆಗೆ ಅಂಟಿಸಿದಳು. ನಾಲ್ಕನೇ ಮಹಡಿಯವರೊಬ್ಬರು ಅದರ ಫೋಟೋ ತೆಗೆದು ಗುಂಪಿಗೆ ಹಾಕಿದರು, ‘ನಮ್ಮ ಗೇಟಿನಲ್ಲಿ ರಾಜಕೀಯ ಬೇಕೇ?’ ಎಂದು. ಎರಡನೇ ಮಹಡಿಯವರು ಬಡವರ ಹಕ್ಕಿನ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದರು. ಇಬ್ಬರಲ್ಲಿ ಒಬ್ಬರೂ ಕೆಳಗಿಳಿದು ಹೋಗಿ ಅವಳನ್ನು ಮಾತಾಡಿಸಲಿಲ್ಲ. ನಾನು ಹೋದೆ. ಚಿತ್ರ ತೆಗೆದುಬಿಡು, ಸುಮ್ಮನೆ ಯಾಕೆ ತೊಂದರೆ, ಎಂದೆ.

“ತೆಗೀತೀನಮ್ಮಾ, ಅದಕ್ಕೇನಂತೆ?” ಎಂಬರ್ಥದಲ್ಲಿ ತಲೆಯಾಡಿಸಿ, ಪೆಟ್ಟಿಗೆಯ ಬೂದಿ ಊದಿ, ನಕ್ಕು ಒಂದು ಮಾತು ಸೇರಿಸಿದಳು: “ಪೆಟ್ಟಿಕ್ಕು ಕಚ್ಚಿ ಕೆಡೆಯಾದುಮಾ. ಸೂಡು ಮಟ್ಟುಂದಾನ್.”

ಪೆಟ್ಟಿಗೆಗೆ ಪಕ್ಷವಿಲ್ಲ, ಬಿಸಿ ಮಾತ್ರ. ತಮಿಳಿನಲ್ಲಿ ಪಕ್ಷಕ್ಕೆ ‘ಕಚ್ಚಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಆಗಲೇ ಕಚ್ಚಿಯಾಯಿತು ಎಂದೇ ಕೇಳಿಸುತ್ತದೆ. ಚಿತ್ರವನ್ನು ಅವಳು ಅಂದೇ ಕಿತ್ತಳು. ಆದರೆ ಮಾತು ಅಷ್ಟರಲ್ಲಿ ಚಿತ್ರದಿಂದ ಗಾಡಿಗೆ ದಾಟಿತ್ತು: ಗೇಟಿನ ಬಳಿ ಆ ಗಾಡಿಯೇ ಇರಬೇಕೇ ಬೇಡವೇ ಎಂದು ಭಾನುವಾರ ಸಭೆ. ಧನಂ ನನ್ನನ್ನು ಕೇಳಿದ್ದು ಒಂದೇ: “ನೀಂಗ ಪೇಸುವೀಂಗಳಾಮಾ?” ನನ್ನ ಪರವಾಗಿ ಮಾತಾಡುತ್ತೀರಾ? ಮಾತಾಡುತ್ತೇನೆ ಎಂದು ಮಾತು ಕೊಟ್ಟೆ.

ಮುಂದಿನದನ್ನು ಹೇಳುವ ಮೊದಲು ತಮಿಳಿನ ಒಂದು ಸೂಕ್ಷ್ಮವನ್ನು ನಿಮಗೆ ಹೇಳಬೇಕು. ನಮ್ಮ ಕನ್ನಡದಲ್ಲಿ ‘ನಾವು’ ಎಂದರೆ ನಾವು, ಅಷ್ಟೇ. ಅದರೊಳಗೆ ಎದುರಿಗೆ ನಿಂತು ಕೇಳುತ್ತಿರುವವರು ಇದ್ದಾರೋ ಇಲ್ಲವೋ ಎಂದು ಆ ಮಾತು ಹೇಳುವುದಿಲ್ಲ. ತಮಿಳು ಹೇಳುತ್ತದೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಾಮ’. ಅವರನ್ನು ಹೊರಗಿಟ್ಟರೆ ‘ನಾಂಗ’. ಹಾಗೆಯೇ ಸೇರಿಸಿದರೆ ‘ನಮ್ಮ ಬೀದಿ’, ಹೊರಗಿಟ್ಟರೆ ‘ಎಂಗ ಬೀದಿ’. ಹಳಗನ್ನಡದಲ್ಲೂ ಇಂಥದೊಂದು ಭೇದ ಇತ್ತೆಂದು ಕಾಲೇಜಿನಲ್ಲಿ ಯಾರೋ ಹೇಳಿದ ನೆನಪು. ಆ ನೆನಪಿನ ಮೇಲೆ ನಾನು ಆಣೆ ಇಡಲಾರೆ. ಕನ್ನಡದಿಂದ ತಮಿಳಿಗೆ ಬಂದ ನಮ್ಮಂಥವರು ಮೊದಲು ಎಡವುವುದು ಇಲ್ಲಿಯೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ವಿಮಾ ಕಚೇರಿಯ ಸಹೋದ್ಯೋಗಿಗಳಿಗೆ ‘ನಾಂಗ ಊಟಕ್ಕೆ ಹೋಗೋಣ’ ಎಂಬರ್ಥದಲ್ಲಿ ಏನೋ ಹೇಳಿ, “ಹಾಗಾದರೆ ನಾವು ಉಪವಾಸವೇ?” ಎಂದು ನಗಿಸಿದ್ದುಂಟು.

ಸಭೆ ನಡೆದದ್ದು ನೆಲಮಹಡಿಯ ಕಾರು ನಿಲ್ಲಿಸುವ ಜಾಗದಲ್ಲಿ. ನಮಗೆಲ್ಲ ಪ್ಲಾಸ್ಟಿಕ್ ಕುರ್ಚಿ. ಧನಂ ಮೋಟಾರಿನ ಪಕ್ಕ ನಿಂತಿದ್ದಳು. ಯಾರೂ ಕೂರು ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಎರಡು ಕಡೆಯವರೂ ಅರ್ಧ ಗಂಟೆ ಕೂಗಾಡಿದರು. ಅದರಲ್ಲಿ ಗಾಡಿಯ ಹೆಸರು ಎರಡೋ ಮೂರೋ ಸಲ ಬಂದಿರಬೇಕು, ಉಳಿದದ್ದೆಲ್ಲ ದೇಶದ ವಿಚಾರ. ಕಾರ್ಯದರ್ಶಿಗಳು ಬೆವರೊರೆಸಿಕೊಂಡು ನನ್ನ ಕಡೆ ತಿರುಗಿದರು: “ಮೇಡಂ, ನೀವು ಯಾವ ಕಡೆಯೂ ಇಲ್ಲ. ನೀವೇ ಹೇಳಿ.” ಎಲ್ಲ ಕಣ್ಣುಗಳೂ ನನ್ನ ಮೇಲೆ. ನಾನು ಎದ್ದು, ಗಂಟಲು ಸರಿಮಾಡಿಕೊಂಡು, ಸಭೆಗೆ ಹೇಳಬೇಕಾದ್ದನ್ನು ಬಿಟ್ಟು ಧನಂ ಕಡೆ ತಿರುಗಿದೆ. ಬಹಳ ಮೃದುವಾಗಿಯೇ ಹೇಳಿದೆ: “ನಾಂಗ ಪೇಸಿ ಮುಡಿವು ಪಣ್ಣುರೋಂ ಧನಂ. ನೀ ಪೋ.” ನಾವು ಮಾತಾಡಿ ತೀರ್ಮಾನ ಮಾಡುತ್ತೇವೆ, ನೀನು ಹೋಗು.

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. “ಸರಿಮಾ. ನೀಂಗ ಪೇಸುಂಗ,” ಎಂದಳು. ಸರಿಯಮ್ಮ, ನೀವು ಮಾತಾಡಿ. ಹೋದಳು.

ಸಭೆ ಏನನ್ನೂ ತೀರ್ಮಾನಿಸಲಿಲ್ಲ, ಮುಂದಿನ ತಿಂಗಳಿಗೆ ಹೋಯಿತು. ಮರುದಿನ ಬೆಳಿಗ್ಗೆ ಮರದ ಕೆಳಗೆ ಗಾಡಿ ಇರಲಿಲ್ಲ. ಅದು ನಿಲ್ಲುತ್ತಿದ್ದ ಚೌಕದಲ್ಲಿ ಬೂದಿ ಗುಡಿಸಿ, ನೀರು ಚಿಮುಕಿಸಿ ಹೋಗಿದ್ದಳು. ಗುಂಪಿನಲ್ಲಿ ಕಾರ್ಯದರ್ಶಿಗಳು ಸುದ್ದಿ ಹಾಕಿದಾಗ, ವರ್ಷಗಳ ನಂತರ ಮೊದಲ ಬಾರಿಗೆ ಎರಡನೆಯ ಮಹಡಿಯೂ ನಾಲ್ಕನೆಯ ಮಹಡಿಯೂ ಒಂದೇ ಗುರುತು ಒತ್ತಿದವು, ಮೇಲೆತ್ತಿದ ಹೆಬ್ಬೆರಳು. ಈಗ ಆ ನೆರಳಿನಲ್ಲಿ ಒಂದು ಕಾರು ನಿಲ್ಲುತ್ತದೆ.

ನಾನು ದಿನಚರಿ ಬರೆಯುವವಳು. ನೆನಪನ್ನು ನಂಬದವರಿಗೆ ದಿನಚರಿಯೇ ಸಾಕ್ಷಿ. ಮೂರು ವಾರ ನಾನೇ ಮನೆಯಲ್ಲಿ ಸೀರೆಗಳಿಗೆ ವಕ್ರವಕ್ರವಾಗಿ ಇಸ್ತ್ರಿ ಹಾಕಿಕೊಂಡೆ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ಬೆನ್ನುನೋವಿನ ನೆಪ ಹೇಳಿಕೊಂಡಿದ್ದೆ, ಗಾಡಿ ಎಲ್ಲಿ ಹೋಯಿತೋ ಎಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ನೆನಪು ತನ್ನ ಕೆಲಸ ಮುಗಿಸಿತ್ತು. ನಾನು ‘ನಾಮ’ ಎಂದೇ ಅಂದಿರಬೇಕು, ಮೋಟಾರಿನ ಸದ್ದಿಗೆ ಅವಳಿಗೆ ಬೇರೆ ಕೇಳಿಸಿತು ಎನಿಸತೊಡಗಿತು. ದಿನಚರಿ ತೆಗೆದು ನೋಡಿದೆ. ಅಂದಿನ ಪುಟದಲ್ಲಿ ನನ್ನದೇ ಕೈಬರಹ: ‘ನಾವು ಮಾತಾಡಿ ತೀರ್ಮಾನ ಮಾಡುತ್ತೇವೆ ಎಂದೆ.’ ನಾವು! ಎಷ್ಟು ತುಂಬಿದ, ಎಷ್ಟು ನಿರಪರಾಧಿಯಾದ ಮಾತು. ಕನ್ನಡದಲ್ಲಿ ಬರೆದ ನನ್ನ ಸಾಕ್ಷಿ ನನ್ನನ್ನು ಪೂರ್ತಿ ಬಿಡುಗಡೆ ಮಾಡಿತ್ತು. ತಮಿಳಿನಲ್ಲಿ ಬರೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಮಗಳು ನಂದಿನಿ ಸಭೆಗೆ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. “ಅವತ್ತು ಧನಂಗೆ ನಾನು ಏನಂದೆ, ಸರಿಯಾಗಿ ಹೇಳು,” ಎಂದೆ. ಫೋನಿನಿಂದ ಕಣ್ಣೆತ್ತದೆ ಹೇಳಿದಳು: “‘ನಾಂಗ’ನ್ನುದಾನ್ ಸೊನ್ನೇ. ಅವಂಗ ಮೊಗಮೇ ಮಾರಿಡುಚ್ಚು.” ‘ನಾಂಗ’ ಅಂತಲೇ ಅಂದೆ, ಅವರ ಮುಖವೇ ಬದಲಾಗಿಹೋಯಿತು.

“ಬಾಯಿ ತಪ್ಪಿ ಬಂದದ್ದಮ್ಮ. ನಮ್ಮ ಭಾಷೆಯಲ್ಲಿ ಆ ಭೇದ ಇಲ್ಲ.”

ಈಗ ಅವಳು ಕಣ್ಣೆತ್ತಿದಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: “ಮೂವತ್ತೈದು ವರ್ಷದಿಂದ ನೀನು ತಮಿಳು ಮಾತಾಡ್ತಿದ್ದೀಯ ಅಮ್ಮ. ಒಂದು ಸಲಾನೂ ಬಾಯಿ ತಪ್ಪಿದ್ದು ನಾನು ಕೇಳಿಲ್ಲ.”

ನಿಜ, ನನ್ನ ಬಾಯಿ ತಪ್ಪಿರಲಿಲ್ಲ. ಈ ಊರಿನಲ್ಲಿ ನಾನು ಎಷ್ಟೇ ವರ್ಷ ಇದ್ದರೂ ‘ನೀಂಗ ಎಂದ ಊರು?’, ನೀವು ಯಾವ ಊರಿನವರು, ಎಂಬ ಪ್ರಶ್ನೆ ಹಿಂದಿನಿಂದ ಬಂದು ಹೆಗಲು ಮುಟ್ಟುತ್ತಲೇ ಇರುತ್ತದೆ. ನದಿ ನೀರಿನ ಜಗಳ ಬಿಸಿಯೇರಿದ್ದ ಒಂದು ವರ್ಷ, ಗೇಟಿನ ಬಳಿ ಬಂದ ನಾಲ್ಕಾರು ಜನ ಇಲ್ಲಿ ಕನ್ನಡದವರ ಮನೆ ಯಾವುದು ಎಂದು ವಿಚಾರಿಸಿದ್ದರಂತೆ. ಧನಂ ಪೆಟ್ಟಿಗೆ ಕೆಳಗಿಡದೆ, “ಅವಂಗ ನಮ್ಮ ಅಮ್ಮಾಪಾ, ಪೋಂಗ,” ಅವರು ನಮ್ಮ ಅಮ್ಮ ಕಣಪ್ಪಾ, ಹೋಗಿ, ಎಂದು ಕಳಿಸಿದಳಂತೆ. ಇದನ್ನು ನಾನೇ ಕಿವಿಯಾರೆ ಕೇಳಿದೆನೋ, ಯಜಮಾನರು ಹೇಳಿದ್ದೋ, ಈಗ ಖಚಿತವಿಲ್ಲ. ಆದರೆ ಅದರೊಳಗಿನ ‘ನಮ್ಮ’ ಖಚಿತ, ಸೇರಿಸಿಕೊಳ್ಳುವ ‘ನಮ್ಮ’. ಅದಕ್ಕೆ ಪ್ರತಿಯಾಗಿ ನಾನು ಕೊಟ್ಟದ್ದು ‘ನಾಂಗ’. ಅಂದು ಎರಡೂ ಮಹಡಿಗಳು ಒಟ್ಟಾಗಿ ನನ್ನತ್ತ ನೋಡಿದಾಗ ನನ್ನೊಳಗೆ ಏನೋ ಅರಳಿದ್ದು ನಿಜ: ನಾನೂ ಕುರ್ಚಿಯವಳು, ನಾನೂ ಇಲ್ಲಿಯವಳು. ಒಳಗೆ ಬರಲು ನನಗೆ ಯಾರನ್ನಾದರೂ ಹೊರಗಿಡಬೇಕಿತ್ತು. ಹೊರಗಿಡಲು ಅಲ್ಲಿ ನಿಂತಿದ್ದವಳು ಅವಳೊಬ್ಬಳೇ.

ಗಾಡಿ ಈಗ ಎರಡು ಬೀದಿಯಾಚೆ, ರೈಲ್ವೆ ಗೋಡೆಯ ಪಕ್ಕ ಇದೆಯೆಂದು ಪತ್ತೆಮಾಡಿದವಳು ನಂದಿನಿ. ಅವಳೇ ಗಂಟು ಕೊಟ್ಟು, ಅವಳೇ ತಂದಳು. ಅದರ ಜೊತೆ ಬಂದದ್ದು ಆ ಚೀಟಿ. ಮರುದಿನ ನಾನೇ ಹೋದೆ. ಅಲ್ಲಿ ನೆರಳಿಲ್ಲ, ಒಂದು ಹಳೆಯ ಬ್ಯಾನರನ್ನು ತಿರುವಿ ಕಟ್ಟಿಕೊಂಡಿದ್ದಳು, ಚಿತ್ರ ಇದ್ದ ಬದಿ ಆಕಾಶಕ್ಕೆ. ಹಲಗೆಯ ಮೇಲೆ ಹೊಸ ಗಿರಾಕಿಗಳ ಗಂಟುಗಳು, ಎಲ್ಲಕ್ಕೂ ಒಂದೊಂದು ಚೀಟಿ.

“ವಾಂಗಮಾ,” ಬನ್ನಿಯಮ್ಮ, ಎಂದಳು. ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ಅಂದು ತಪ್ಪಾಗಿ ಮಾತಾಡಿಬಿಟ್ಟೆ, ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು, ಮನಸ್ಸಿನಲ್ಲಿದ್ದದ್ದು ‘ನಾಮ’. ಅಂಥ ಮಧ್ಯಾಹ್ನದ ಬಿಸಿಲಿನಲ್ಲಿ, ಮಗಳ ಮುಂದೆ ಸೋತ ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಿದೆ. ಅವಳು ಪೆಟ್ಟಿಗೆಯನ್ನು ಇಟ್ಟಿಗೆಯ ಮೇಲಿಟ್ಟು ಪೂರ್ತಿ ಕೇಳಿದಳು. ಆಮೇಲೆ, ನನ್ನನ್ನು ಸಮಾಧಾನಪಡಿಸುವವಳಂತೆ ಹೇಳಿದಳು: “ತಪ್ಪೆಲ್ಲಾಂ ಇಲ್ಲಮಾ. ನೀಂಗ ನಲ್ಲಾ ತಮಿಳ್ ಪೇಸುರೀಂಗ.”

ತಪ್ಪೇನಿಲ್ಲಮ್ಮ, ನೀವು ಚೆನ್ನಾಗಿ ತಮಿಳು ಮಾತಾಡುತ್ತೀರಿ. ಈ ಊರು ನನಗೆ ಈ ಒಂದು ಮಾತು ಹೇಳಲಿ ಎಂದು ನಾನು ಮೂವತ್ತೈದು ವರ್ಷ ಕಾದಿದ್ದೆ.

ಮನೆಗೆ ಬಂದು ಆ ಚೀಟಿಯನ್ನು ದಿನಚರಿಯ ಅಂದಿನ ಪುಟದಲ್ಲಿ, ಸರಿಯಾಗಿ ‘ನಾವು’ ಎಂಬ ಪದದ ಮೇಲೆ, ಅದೇ ಗುಂಡುಸೂಜಿಯಿಂದ ಚುಚ್ಚಿಟ್ಟೆ. ಸೂಜಿ ತುಸು ಉದ್ದದ್ದು. ಪುಟ ತಿರುವಿ ನೋಡಿದರೆ, ಮುಂದಿನ ಎಷ್ಟೋ ದಿನಗಳಿಗೆ, ನಾನಿನ್ನೂ ಏನನ್ನೂ ಬರೆಯದ ಹಾಳೆಗಳಿಗೂ, ಅದೇ ಜಾಗದಲ್ಲಿ ಒಂದೊಂದು ಸಣ್ಣ ತೂತು.