ಹರಿದ ಕಿವಿಯ ತೋಳಕ್ಕೆ ಎರಡು ತಿಂಗಳು

ಆ ತೋಳವನ್ನು ನಾನು ಕಣ್ಣಾರೆ ಒಮ್ಮೆಯೂ ನೋಡಿಲ್ಲ. ನೋಡಿದ್ದೆಲ್ಲ ಫೋಟೊದಲ್ಲಿ. ಸಂತೆಕಲ್ಲೂರಿನ ಆಚೆ, ಗುಡ್ಡದಿಂದ ಇಳಿಯುವ ದಾರಿ ಒಂದು ಜೋಳದ ಹೊಲದ ಮೂಲೆಗೆ ತಾಗುವಲ್ಲಿ, ಜಾಲಿ ಗಿಡಕ್ಕೆ ಕ್ಯಾಮೆರಾ ಕಟ್ಟಿದವಳು ನಾನೇ. ಎದುರಿಗೆ ಯಾವ ಪ್ರಾಣಿ ಹಾದರೂ ಅದು ತಾನೇ ಫೋಟೊ ತೆಗೆಯುತ್ತದೆ. ತೋಳಗಳು ಎಲ್ಲೆಲ್ಲಿ ಓಡಾಡುತ್ತವೆ, ಎಷ್ಟು ಉಳಿದಿವೆ ಎಂದು ಬರೆದಿಡುವ ಗುತ್ತಿಗೆ ಕೆಲಸ ನನ್ನದು. ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ, ಮಸ್ಕಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಆಟೋದಲ್ಲಿ ಹತ್ತು ಜನರ ನಡುವೆ ಹನ್ನೊಂದನೆಯವಳು.

ಮೊದಮೊದಲು ಅದು ನನ್ನ ಪಟ್ಟಿಯಲ್ಲಿ ಬರೀ ‘ಹೆಣ್ಣು ತೋಳ, ಎಡಗಿವಿ ಹರಿದಿದೆ’. ಬರಬರುತ್ತಾ ಬೇರೆ ಯಾವ ತೋಳ ಸಿಕ್ಕರೂ ನನಗೆ ಸಮಾಧಾನವಾಗದಂತಾಯಿತು. ಕ್ಯಾಮೆರಾದ ಮೆಮೊರಿ ಕಾರ್ಡು ಹಾಕಿ ನೋಡುವಾಗ ಕುರಿ, ನರಿ, ಬಹಿರ್ದೆಸೆಗೆ ಹೊರಟ ಗೌಡರು ಎಲ್ಲರನ್ನೂ ಸರಸರ ದಾಟಿಸಿ ಅದನ್ನೇ ಹುಡುಕುತ್ತಿದ್ದೆ. ಒಮ್ಮೆಯೂ ಅದು ಕ್ಯಾಮೆರಾದತ್ತ ತಿರುಗಿದ್ದಿಲ್ಲ. ಯಾವಾಗಲೂ ಎಲ್ಲಿಗೋ ಹೊರಟಿರುತ್ತಿತ್ತು. ಸಂಬಳಕ್ಕೆ ಸೇರಿದವಳು ಹಂಬಲಕ್ಕೆ ಬಿದ್ದಿದ್ದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ಒಂದು ತೋಳ ಸತ್ತ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಹೂತುಬಿಟ್ಟಿದ್ದರು. ಕಿವಿ ಹೇಗಿತ್ತು ಎಂದು ಹೂತವರನ್ನು ಕೇಳಿದೆ. ‘ಕಿವಿ ಯಾರು ನೋಡ್ಯಾರ ಮೇಡಮ್’ ಅಂದರು. ಅಲ್ಲಿಂದ ನನ್ನ ಜಾಲಿ ಗಿಡ ದೂರವೇನಿರಲಿಲ್ಲ. ಆದರೂ ಹೋಗಲಿಲ್ಲ. ಕಾರ್ಡಿನಲ್ಲಿ ಅದು ಇಲ್ಲದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಉಳಿದ ಕ್ಯಾಮೆರಾಗಳನ್ನೆಲ್ಲ ನೋಡಿಕೊಂಡು, ಅದೊಂದನ್ನು ಇವತ್ತು ನಾಳೆ ಎಂದು ಮಾರ್ಚ್ ಕೊನೆಯವರೆಗೆ ತಳ್ಳಿದೆ.

ಕೊನೆಗೆ ಹೋದಾಗ ಸೆಲ್ಲು ಮುಗಿದು ಕ್ಯಾಮೆರಾ ಸತ್ತಿತ್ತು. ಕಾರ್ಡನ್ನು ಮೊಬೈಲಿಗೆ ಹಾಕಿದೆ. ಎಂಟನೆಯದೋ ಒಂಬತ್ತನೆಯದೋ ಫೋಟೊದಲ್ಲಿ ಅದೇ ತೋಳ. ಬೆಳಗಿನ ಬಿಸಿಲು, ಹರಿದ ಕಿವಿ, ಹಿಂದೆ ಹಸಿರು. ಕೆಳಗೆ ದಿನಾಂಕ ಮಾರ್ಚ್ ಹತ್ತು. ಅಂದರೆ ರಸ್ತೆಯಲ್ಲಿ ಸತ್ತದ್ದು ಬೇರೆ! ಗಿಡದ ಬುಡದಲ್ಲಿ ಕುಳಿತು ಅತ್ತೆ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಹೊಲದೊಡತಿ ಅತ್ತ ಜೋಳದ ಒಣ ದಂಟಿನ ಕಣಿಕೆ ಒಟ್ಟುತ್ತಿದ್ದರು, ಅವರ ಹತ್ತಿರ ಓಡಿದೆ.

‘ಅವ್ವಾರ, ನೋಡ್ರಿ! ಬದುಕೈತಿ!’

ಅವರು ಸೆರಗಿನಿಂದ ಮೊಬೈಲು ಒರೆಸಿ, ದೂರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

‘ಯವ್ವಾ, ಇದು ಈಗಿಂದಲ್ಲ.’

‘ತಾರೀಖು ಐತಲ್ರಿ, ಮಾರ್ಚ್ ಹತ್ತು.’

‘ತಾರೀಖು ನನಗ ಗೊತ್ತಿಲ್ಲ. ಹಿಂದ ಜ್ವಾಳ ನಿಂತೈತಿ ನೋಡು, ತೆನಿ ಇನ್ನಾ ಹಾಲುಗಾಳು. ನಾವು ಶಿವರಾತ್ರಿಗಿಂತ ಮೊದಲ ಕೊಯ್ದು ಕಣಾನೂ ಮುಗಿಸೀವಿ. ಇದು ಸೀತನಿ ತಿನ್ನೋ ಟೈಮಿಂದು. ನೀನೂ ಇಲ್ಲೇ ಕುಂತು ತಿಂದಿಯಲ್ಲ?’

ತಿಂದಿದ್ದೆ. ಸಂಕ್ರಾಂತಿಗೆ ಇನ್ನೂ ವಾರವಿತ್ತು. ಎಳೆ ತೆನೆ ಸುಟ್ಟು, ಉಜ್ಜಿ, ಬೆಲ್ಲ ಶೇಂಗಾ ಜೊತೆ ಬೊಗಸೆಗೆ ಹಾಕಿದ್ದರು. ಅದೇ ಮಸಿಗೈಯಲ್ಲಿ ಕ್ಯಾಮೆರಾದ ಸೆಲ್ಲು ಬದಲಿಸಿದ್ದೆ. ಸೆಲ್ಲು ತೆಗೆದರೆ ತಾರೀಖು ಅಳಿಸಿಹೋಗುತ್ತದೆ, ಮತ್ತೆ ಗುಂಡಿ ಒತ್ತಿ ಹಾಕಬೇಕು. ಆವತ್ತು ಆಟೋದವನು ಹಾರ್ನ್ ಹೊಡೆಯುತ್ತಿದ್ದ, ಅವಸರದಲ್ಲಿ ಒತ್ತಿದ್ದೆ. ಈಗ ಓಡಿ ಹೋಗಿ ಕ್ಯಾಮೆರಾ ತೆರೆದು ನೋಡಿದೆ. ತಿಂಗಳಿನ ಗುಂಡಿಯ ಮೇಲೆ ನನ್ನ ಹೆಬ್ಬೆರಳಿನ ಮಸಿ ಹಾಗೇ ಇತ್ತು. ಎರಡು ಸಲ ಹೆಚ್ಚಿಗೆ ಒತ್ತಿ ಜನವರಿಯನ್ನು ಮಾರ್ಚ್ ಮಾಡಿದ್ದೆ.

ಸಿಟ್ಟು ಬಂತು, ನನ್ನ ಮೇಲೆಯೇ. ನಾನು ಸಿಂಧನೂರು ಕಡೆಯ ವಳಕಮದಿನ್ನಿಯವಳು, ಕಾಲುವೆ ನೀರಿನ ಮಗಳು. ನಮ್ಮಲ್ಲಿ ಮಾರ್ಚ್ ಎಂದರೆ ಎರಡನೇ ಬೆಳೆ ಭತ್ತ ಹಸಿರಾಗಿ ನಿಂತಿರುತ್ತದೆ. ತೋಳದ ಬೆನ್ನ ಹಿಂದಿನ ಹಸಿರು ನನಗೆ ವಿಚಿತ್ರ ಅನಿಸಲೇ ಇಲ್ಲ. ಸುತ್ತಲೂ ಕೊಯ್ದ ಜೋಳದ ಬರೀ ಕೂಳೆ ಇರುವ ಹೊಲದಲ್ಲೇ ನಿಂತು ಆ ಫೋಟೊ ನೋಡಿದ್ದೆ!

ನನ್ನ ಮುಖ ನೋಡಿ ಅವರು ಕಣಿಕೆ ಕೆಳಗಿಟ್ಟರು. ‘ಸತ್ತೈತಿ ಅಂತ ನಾ ಅನ್ನಂಗಿಲ್ಲ, ಯವ್ವಾ. ಫೋಟೊ ಈಗಿಂದಲ್ಲ, ಅಷ್ಟ. ಬಾ, ನೀರು ಕುಡಿ.’

ಕ್ಯಾಮೆರಾಗೆ ಹೊಸ ಸೆಲ್ಲು ಹಾಕಿ, ತಾರೀಖನ್ನು ಮೂರು ಸಲ ನೋಡಿ ಬಂದೆ. ಆ ಕಾರ್ಡಿನ ಉಳಿದ ಫೋಟೊಗಳಲ್ಲಿ ಅದು ಮತ್ತೆ ಸಿಗಲಿಲ್ಲ. ಅದಾದ ಮೇಲಿನ ಕಾರ್ಡುಗಳಲ್ಲಿ ಬೇರೆ ತೋಳಗಳು ಬಂದಿವೆ. ಅದು ಬಂದಿಲ್ಲ.

ಆಫೀಸಿನ ಪಟ್ಟಿಯಲ್ಲಿ ಮಾತ್ರ ಮಾರ್ಚ್ ಹತ್ತು ಎಂದೇ ಬರೆದೆ. ತಪ್ಪು ಎಂದು ಗೊತ್ತಿದ್ದೇ ಬರೆದೆ. ಒಂದು ವಾರ ಹಾಗೆಯೇ ಬಿಟ್ಟೆ. ದಿನಾ ಸಂಜೆ ಆ ಸಾಲು ತೆರೆದು ನೋಡುತ್ತಿದ್ದೆ. ಆ ಒಂದು ಸಾಲಿನಲ್ಲಾದರೂ ಅದು ಲಾರಿ ದಾಟಿ ಈಚೆ ಬಂದಿತ್ತು. ಎಂಟನೆಯ ದಿನ ಪಟ್ಟಿ ಕಳಿಸಬೇಕಾಗಿತ್ತು. ತಿಂಗಳಿನ ಜಾಗದಲ್ಲಿದ್ದ ಮೂರನ್ನು ಅಳಿಸಿ ಒಂದು ಹಾಕಿದೆ.